ವಾಲ್ಟರ್ ಬ್ರ್ಯಾಡ್‌ಫರ್ಡ್ ಕ್ಯಾನನ್

ವಾಲ್ಟರ್ ಬ್ರ್ಯಾಡ್‌ಫರ್ಡ್ ಕ್ಯಾನನ್ (1871–1945) ಅಮೆರಿಕದ ಶರೀರಕ್ರಿಯಾ ವಿಜ್ಞಾನಿ. ಅಪಾಯ ಎದುರಾದಾಗ ದೇಹವು ಹೋರಾಟಕ್ಕೋ ಪಲಾಯನಕ್ಕೋ ಸಜ್ಜಾಗುವ ಬಗೆಯನ್ನು ವಿವರಿಸಿದವರು. ದೇಹದ ಒಳಸ್ಥಿತಿಯು ಸಮತೋಲದಲ್ಲಿ ಉಳಿಯುವುದಕ್ಕೆ 1926ರಲ್ಲಿ ಹೋಮಿಯೊಸ್ಟ್ಯಾಸಿಸ್ ಎಂದು ಹೆಸರಿಟ್ಟವರು. ತೀವ್ರ ಗಾಯಾಳುಗಳ ರಕ್ತವನ್ನು ಅಳೆದು, ಆ ಅಳತೆಯಿಂದ ಚಿಕಿತ್ಸೆಗೆ ದಾರಿ ಹುಡುಕಿದ ಮೊದಲಿಗರಲ್ಲಿ ಅವರೂ ಒಬ್ಬರು.

ಜನನ ವಿಸ್ಕಾನ್ಸಿನ್ ರಾಜ್ಯದ ಪ್ರೇರಿ ಡು ಶೀನ್‌ನಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಆಗಷ್ಟೇ ಬಳಕೆಗೆ ಬಂದಿದ್ದ ಕ್ಷಕಿರಣದ ನೆರವಿನಿಂದ ಜಠರದ ಚಲನೆಯನ್ನು ಗಮನಿಸಿದರು. 1906ರಿಂದ 1942ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು.

1917ರಲ್ಲಿ ಹಾರ್ವರ್ಡ್‌ನ ವೈದ್ಯಕೀಯ ತಂಡದೊಡನೆ ಫ್ರಾನ್ಸಿನ ಯುದ್ಧಭೂಮಿಗೆ ತೆರಳಿದರು. ಬೆತೂನ್ ಪಟ್ಟಣದ ಬ್ರಿಟಿಷ್ ಶುಶ್ರೂಷಾ ಕೇಂದ್ರಕ್ಕೆ ಬರುತ್ತಿದ್ದ ಅನೇಕ ಸೈನಿಕರು ಬಿಳಿಚಿಕೊಂಡು, ಮೈ ತಣ್ಣಗಾಗಿ, ನಾಡಿ ಕ್ಷೀಣಿಸಿ ಸಾಯುತ್ತಿದ್ದರು. ಕ್ಯಾನನ್ ಅವರ ರಕ್ತದ ಮಾದರಿ ತೆಗೆದು, ಅದರಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಅಳೆದರು. ರಕ್ತದೊತ್ತಡ ಕುಸಿದಷ್ಟೂ ರಕ್ತದ ಕ್ಷಾರಾಂಶ ಕುಗ್ಗಿರುವುದು ಕಂಡುಬಂತು. ಆಮ್ಲವೇ ಶತ್ರುವೆಂದು ಭಾವಿಸಿ ಸೋಡಿಯಂ ಬೈಕಾರ್ಬೊನೇಟನ್ನು ರಕ್ತನಾಳಕ್ಕೆ ಕೊಟ್ಟರು. ಮೊದಲ ಫಲಿತಾಂಶಗಳು ಭರವಸೆ ಮೂಡಿಸಿದರೂ ಆ ಭರವಸೆ ಉಳಿಯಲಿಲ್ಲ.

ಯುದ್ಧಾನಂತರದ ಪ್ರಯೋಗಗಳು ಕಾರಣವನ್ನು ತಿಳಿಸಿದವು. ರಕ್ತದೊತ್ತಡ ಸುಮಾರು 80 ಮಿಲಿಮೀಟರಿಗಿಂತ ಕೆಳಗಿಳಿದಾಗ ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ಆಮ್ಲ ಸಂಗ್ರಹವಾಗುತ್ತದೆ. ಎಂದರೆ ಆಮ್ಲತೆ ಆಘಾತದ ಕಾರಣವಲ್ಲ, ಪರಿಣಾಮ. 1923ರ ತಮ್ಮ ಗ್ರಂಥದಲ್ಲಿ ಕ್ಯಾನನ್ ಈ ತಿದ್ದುಪಡಿಯನ್ನು ಒಪ್ಪಿಕೊಂಡರು. ಶಸ್ತ್ರವೈದ್ಯರು ರಕ್ತಸ್ರಾವವನ್ನು ತಡೆಯುವ ಮುನ್ನ ಒತ್ತಡವನ್ನು ಏರಿಸಿದರೆ ಅಳಿದುಳಿದ ರಕ್ತವೂ ಹರಿದುಹೋಗಬಹುದೆಂಬ ಎಚ್ಚರಿಕೆಯನ್ನು ಅವರು 1918ರಲ್ಲೇ ನೀಡಿದ್ದರು. ಜಜ್ಜಿದ ಅಂಗಾಂಶದ ವಿಷವೇ ಆಘಾತಕ್ಕೆ ಮೂಲವೆಂಬ ಅವರ ಮತ್ತೊಂದು ಊಹೆಯನ್ನು ಮಾತ್ರ ಆಲ್‌ಫ್ರೆಡ್ ಬ್ಲೇಲಾಕ್ 1930ರಲ್ಲಿ ಅಲುಗಾಡಿಸಿದರು. ಗಾಯಗೊಂಡ ಭಾಗದೊಳಕ್ಕೇ ಸೋರಿಹೋಗುವ ರಕ್ತ ಮತ್ತು ದ್ರವದ ನಷ್ಟವೇ ಸಾಕಷ್ಟು ಕಾರಣವೆಂದು ತೋರಿಸಿದರು.

ಇಂದು ಸೈಬರ್‌ಜಯಾದಲ್ಲಾಗಲಿ ಬೆಂಗಳೂರಿನಲ್ಲಾಗಲಿ, ರಸ್ತೆ ಅಪಘಾತದ ಗಾಯಾಳುವಿನ ಅಪಧಮನಿಯಿಂದ ತೆಗೆದ ಕೆಲವು ಹನಿ ರಕ್ತ ಕೆಲವೇ ನಿಮಿಷಗಳಲ್ಲಿ ಆಮ್ಲತೆ, ಕ್ಷಾರದ ಕೊರತೆ ಮತ್ತು ಲ್ಯಾಕ್ಟೇಟ್ ಪ್ರಮಾಣಗಳನ್ನು ತಿಳಿಸಬಲ್ಲದು. ಎಳೆಯ ವಯಸ್ಸಿನವರಲ್ಲಿ ರಕ್ತದೊತ್ತಡ ಸಹಜವೆಂದು ತೋರುತ್ತಿರುವಾಗಲೂ ಈ ಅಂಕಿಗಳು ಒಳಗಿನ ರಕ್ತಸ್ರಾವದ ಸುಳಿವು ಕೊಡಬಲ್ಲವು. ರಕ್ತಸ್ರಾವ ನಿಲ್ಲಿಸಿ, ಕಳೆದುಹೋದ ರಕ್ತವನ್ನು ತುಂಬಿದ ಮೇಲೆ ಅಂಕಿಗಳು ಮತ್ತೆ ಸಹಜ ಮಟ್ಟದತ್ತ ಮರಳಿದರೆ ಚಿಕಿತ್ಸೆ ಫಲಿಸುತ್ತಿದೆ ಎಂದರ್ಥ. ಸರಿಪಡಿಸಬೇಕಾದದ್ದು ಅಂಕಿಯನ್ನಲ್ಲ, ಅದರ ಹಿಂದಿನ ಕೊರತೆಯನ್ನು ಎಂಬ ಪಾಠವನ್ನು ಕ್ಯಾನನ್ ತಮ್ಮ ತಪ್ಪಿನಿಂದಲೇ ಕಲಿತರು.

ಯೌವನದಲ್ಲಿ ರಕ್ಷಣೆಯಿಲ್ಲದೆ ಬಳಸಿದ ಕ್ಷಕಿರಣಗಳು ಅವರ ಚರ್ಮವನ್ನು ಘಾಸಿಗೊಳಿಸಿ, ಕೊನೆಯ ವರ್ಷಗಳಲ್ಲಿ ದೀರ್ಘಕಾಲ ಕಾಡಿದವು. 1945ರ ಅಕ್ಟೋಬರ್ 1ರಂದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಿಧನರಾದರು.