ತಟ್ಟೆಯನ್ನೇರಿದ ಹಿಂದೂಸ್ಥಾನ: ಚಿತ್ರಕಾರ ಥಾಮಸ್ ಡೇನಿಯಲ್

ಕಾಶಿಯ ಅಸ್ಸಿ ಘಟ್ಟದಲ್ಲಿ ಮಿಂದು, ದೋಣಿಯೇರಿ, ಹನುಮಾನ್ ಘಟ್ಟ, ಕರ್ನಾಟಕ ಘಟ್ಟ, ಕೇದಾರ ಘಟ್ಟಗಳನ್ನು ದಾಟಿ ದಶಾಶ್ವಮೇಧಕ್ಕೆ ಸಾಗುವ ಕನ್ನಡ ಯಾತ್ರಿಕರಿಗೆ ಎಡಗಡೆಯಲ್ಲಿ ತೋರುವ ಸೋಪಾನಪಂಕ್ತಿಯು ಮರೆಯುವಂಥದಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಈ ಗಂಗೆಯ ಮೇಲೆಯೇ ಬಂದು, ದಶಾಶ್ವಮೇಧವನ್ನು ಬರೆದು ಯೂರೋಪಿನವರಿಗೆ ತೋರಿಸಿದ ಆಂಗ್ಲ ಚಿತ್ರಕಾರನು ಥಾಮಸ್ ಡೇನಿಯಲ್. ಆತನು ಬರೆದ ಹಿಂದೂಸ್ಥಾನದ ದೃಶ್ಯಗಳು ಕಾಲಕ್ರಮದಲ್ಲಿ ಇಂಗ್ಲೆಂಡಿನ ಊಟದ ತಟ್ಟೆಗಳ ಮೇಲೂ ಏರಿದುವು. ಆತನ ಹೆಸರು ಮಾತ್ರ ಏರಲಿಲ್ಲ.

ಡೇನಿಯಲನು 1749ರಲ್ಲಿ ಥೇಮ್ಸ್ ನದಿಯ ದಡದ ಕಿಂಗ್‌ಸ್ಟನ್ನಿನಲ್ಲಿ ಜನಿಸಿದನು. ತಂದೆ ವಸತಿಗೃಹವನ್ನು ನಡೆಸುತ್ತಿದ್ದವನು. ಅತಿಥಿಗಳಿಗೆ ಬಡಿಸಿ ಬದುಕಿದ ನಮ್ಮಂಥವರಿಗೆ ಇದು ಪ್ರಿಯವಾದ ಸಂಗತಿಯೇ ಸರಿ. ಬಾಲಕನು ಮೊದಲು ಸಾರೋಟುಗಳಿಗೆ ಬಣ್ಣ ಬಳಿದು ಚಿತ್ರ ಬರೆಯುವವನಲ್ಲಿ ಕೆಲಸ ಕಲಿತು, 1773ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಯನ್ನು ಸೇರಿದನು. ಸ್ವದೇಶದಲ್ಲಿ ಚಿತ್ರಕಾರರ ಪೈಪೋಟಿ ಬಹಳವಾಗಿದ್ದುದರಿಂದ, 1785ರಲ್ಲಿ ಹದಿನಾರು ವರ್ಷದ ಅಣ್ಣನ ಮಗ ವಿಲಿಯಂನೊಡನೆ ಹಡಗನ್ನೇರಿ, ಚೀನಾದ ಮಾರ್ಗವಾಗಿ 1786ರಲ್ಲಿ ಕಲ್ಕತ್ತೆಗೆ ಬಂದನು.

1788ರಲ್ಲಿ ಇಬ್ಬರೂ ಕಲ್ಕತ್ತೆಯಿಂದ ಹೊರಟು ಗಂಗೆಯ ಪ್ರಾಂತವನ್ನು ಸುತ್ತಿ, ಗಢವಾಲದ ಶ್ರೀನಗರದವರೆಗೂ ಹೋದರು. ಕಾಶಿ, ಚುನಾರ, ಅಲಹಾಬಾದು, ದಿಲ್ಲಿ ಎಲ್ಲವೂ ಅವರ ಹಾಳೆಗಳ ಮೇಲೆ ಮೂಡಿದುವು. ಬರೆದ ತೈಲಚಿತ್ರಗಳನ್ನು ಲಾಟರಿಯ ಮೂಲಕ ಮಾರಿ, ಬಂದ ಹಣದಿಂದ 1792ರಲ್ಲಿ ದಕ್ಷಿಣಕ್ಕೆ ತೆರಳಿದರು. ಮೈಸೂರಿನ ಮೂರನೆಯ ಯುದ್ಧವು ಆಗತಾನೇ ಮುಗಿದಿತ್ತು. ನಮ್ಮ ಗಡಿಯ ಹೊಸೂರು, ರಾಯಕೋಟೆಗಳೂ ಚಿತ್ರವಾದುವು. 1794ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ ಈ ದೃಶ್ಯಗಳನ್ನು ತಾಮ್ರದ ತಗಡುಗಳಲ್ಲಿ ಕೊರೆದು, 1795ರಿಂದ 1808ರ ಒಳಗೆ 144 ಮುದ್ರಿತ ಚಿತ್ರಗಳಾಗಿ ಪ್ರಕಟಿಸಿದರು. ಈ ಮಹಾಸಂಪುಟವೇ ‘ಓರಿಯೆಂಟಲ್ ಸೀನರಿ’. ಅದರ ಪೂರ್ಣ ಬೆಲೆ 210 ಪೌಂಡು. ಧನಿಕರಿಗಲ್ಲದೆ ಉಳಿದವರಿಗೆ ಎಟುಕುವಂಥದಲ್ಲ.

ಆದರೆ ಕುಂಬಾರಿಕೆಯ ಕಾರ್ಖಾನೆಗಳವರು ಅದನ್ನು ಸಾಮಾನ್ಯರ ಮೇಜಿಗೆ ಇಳಿಸಿದರು. ಲಿವರ್‌ಪೂಲಿನ ಹರ್ಕ್ಯುಲೇನಿಯಂ ಕಾರ್ಖಾನೆಯೂ ಸ್ಟಾಫರ್ಡ್‌ಷೈರಿನ ರೋಜರ್ಸ್ ಕಾರ್ಖಾನೆಯೂ ಡೇನಿಯಲರ ಚಿತ್ರಗಳನ್ನು ನೀಲಿ ತಟ್ಟೆಗಳ ಮೇಲೆ ಅಚ್ಚೊತ್ತಿದುವು. ದಿಲ್ಲಿಯ ಫಿರೋಜ್ ಷಾ ಕೋಟ್ಲಾದ ಬಳಿಯ ಪಾಳುಕಟ್ಟಡವೊಂದು ಹೀಗೆ ರೋಜರ್ಸರ ತಟ್ಟೆಯಲ್ಲಿ ನೆಲೆಸಿತು. ಚಿತ್ರಕಾರನ ಅನುಮತಿಯನ್ನು ಕೇಳುವ ಪದ್ಧತಿ ಆಗ ಇರಲಿಲ್ಲ. 1842ರ ಕಾನೂನಿನ ತರುವಾಯವೇ ಇಂಥ ನಕಲಿಗೆ ತಡೆ ಬಿದ್ದಿತು. ಅಷ್ಟರೊಳಗೆ 1837ರಲ್ಲಿ ವಿಲಿಯಂನೂ, 1840ರಲ್ಲಿ ಅವಿವಾಹಿತನಾಗಿಯೇ ಉಳಿದಿದ್ದ ಥಾಮಸನೂ ತೀರಿಕೊಂಡಿದ್ದರು.

ಪಿಂಗಾಣಿಯೆಂದರೆ ಡಜನಿನ ಲೆಕ್ಕದಲ್ಲಿ ಕೊಂಡು, ಅಂಚು ಮುರಿದೊಡನೆ ಎಸೆಯುವ ವಸ್ತುವೆಂದು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾನೂ ಎಣಿಸಿದ್ದೆನು. ಈ ಹಳೆಯ ತಟ್ಟೆಗಳನ್ನು ಗುರುತಿಸಬೇಕಾದರೆ ಅವು ಹುಟ್ಟಿದ ಬಗೆಯನ್ನು ತಿಳಿಯಬೇಕು. ಕೊರೆದ ತಾಮ್ರದ ತಗಡಿಗೆ ಕೋಬಾಲ್ಟಿನ ಬಣ್ಣವನ್ನು ತುಂಬಿ, ತೆಳುಕಾಗದಕ್ಕೆ ಅಚ್ಚು ತೆಗೆದು, ಒಮ್ಮೆ ಸುಟ್ಟ ತಟ್ಟೆಗೆ ಅದನ್ನು ಅಂಟಿಸಿ ಉಜ್ಜುತ್ತಿದ್ದರು. ಕಾಗದವನ್ನು ನೀರಿನಲ್ಲಿ ತೊಳೆದು ತೆಗೆದ ಮೇಲೆ ಗಾಜಿನಂಥ ಲೇಪವನ್ನು ಕೊಟ್ಟು ಮತ್ತೆ ಸುಡುತ್ತಿದ್ದರು. ಆದುದರಿಂದ ಚಿತ್ರವು ಲೇಪದ ಕೆಳಗಿರುತ್ತದೆ, ಬೆರಳಿಗೆ ತಾಗದು. ಭೂತಗನ್ನಡಿಯಲ್ಲಿ ನೋಡಿದರೆ ಕುಂಚದ ಗೀಟಿಗೆ ಬದಲಾಗಿ ಸಣ್ಣ ಗೆರೆಗಳೂ ಚುಕ್ಕೆಗಳೂ ಕಾಣುತ್ತವೆ. ಅಂಚಿನ ಬಳ್ಳಿಯಲ್ಲಿ ಎಲ್ಲಿಯೋ ಒಂದೆಡೆ ಕಾಗದದ ತುದಿಗಳು ಸರಿಯಾಗಿ ಕೂಡದ ಬೆಸುಗೆ ಸಿಕ್ಕುತ್ತದೆ. ತಟ್ಟೆಯನ್ನು ಮಗುಚಿದಾಗ ಇಂಗ್ಲೆಂಡ್ ಎಂಬ ದೇಶದ ಹೆಸರಿದ್ದರೆ, ಅದು ಸಾಮಾನ್ಯವಾಗಿ 1891ರ ಈಚಿನದು, ಡೇನಿಯಲನ ಕಾಲದ್ದಲ್ಲ.

ಬೆಲೆಯನ್ನು ಕಟ್ಟುವಲ್ಲಿ ವಯಸ್ಸೊಂದೇ ಪ್ರಮಾಣವಲ್ಲ. ಮೆಲ್ಲನೆ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಮಂಕಾದ ಸದ್ದು ಬಿರುಕಿನ ಗುರುತು. ಅಚ್ಚು ಸ್ಪಷ್ಟವಾಗಿರಬೇಕು, ಚಿತ್ರ ಅಪರೂಪದ್ದಾಗಿರಬೇಕು. ಎಲ್ಲೆಡೆಯೂ ಸಿಕ್ಕುವ ವಿಲೋ ಮರದ ಚೀನೀ ಮಾದರಿಗಿಂತ ಭಾರತದ ನಿಜವಾದ ಸ್ಥಳವನ್ನು ತೋರುವ ತಟ್ಟೆಯನ್ನು ಸಂಗ್ರಾಹಕರು ಹೆಚ್ಚಾಗಿ ಬಯಸುತ್ತಾರೆ. ಅಂದರೆ, ಹೆಸರಿಲ್ಲದೆ ಹೋದ ಚಿತ್ರಕಾರನ ಶ್ರಮವೇ ಇಂದು ಆ ಮಣ್ಣಿಗೆ ಬೆಲೆಯನ್ನು ತಂದಿದೆ.

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮವರು ಮನೆ ಬದಲಿಸುವಾಗ ಅಜ್ಜ ಅಜ್ಜಿಯರ ಹಳೆಯ ನೀಲಿ ತಟ್ಟೆಯನ್ನು ಗುಜರಿಯವನ ಬುಟ್ಟಿಗೆ ಹಾಕುವ ಮೊದಲು ಒಮ್ಮೆ ಮಗುಚಿ ನೋಡಲಿ. ಅದರಲ್ಲಿ ಗೋಪುರವೋ ಗೋರಿಯೋ ನದಿಯ ಮೆಟ್ಟಿಲೋ ಕಂಡರೆ, ಪಲ್ಲಕ್ಕಿಯಲ್ಲಿಯೂ ದೋಣಿಯಲ್ಲಿಯೂ ಈ ದೇಶವನ್ನು ಸುತ್ತಿದ ವಸತಿಗೃಹದ ಆ ಹುಡುಗನನ್ನು ನೆನೆಯಲಿ. ವಸ್ತುವಿನ ಬೆಲೆಯನ್ನು ಅರಿಯುವುದೆಂದರೆ, ಅದರ ಹಿಂದಿರುವ ಕೈಯನ್ನು ಅರಿಯುವುದೇ ಆಗಿದೆ.