ನಾಯಕತ್ವ ಸಿಗದ ಬಾಲೂ

ನಮ್ಮ ಪುಲಿಕೇಶಿನಗರ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಓಟು ಮಾತ್ರ ಎಲ್ಲ ಜಾತಿಯವರೂ ಹಾಕ್ತೀವಿ. ಈ ಏರ್ಪಾಟಿನ ಬೇರು 1932ರ ಪೂನಾ ಒಪ್ಪಂದದಲ್ಲಿದೆ. ಅದಕ್ಕೆ ಸಹಿ ಹಾಕಿದವರಲ್ಲಿ ಒಬ್ಬ ಕ್ರಿಕೆಟಿಗರೂ ಇದ್ದರು. ಧಾರವಾಡದಲ್ಲಿ ಹುಟ್ಟಿದ ಪಲವಂಕರ್ ಬಾಲೂ.

ಚಮ್ಮಾರ ಕುಟುಂಬದ ಹುಡುಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ ಸಿದ್ಧ ಮಾಡಬೇಕು, ನೆಟ್ ಕಟ್ಟಬೇಕು, ಸಾಹೇಬರಿಗೆ ಗಂಟೆಗಟ್ಟಲೆ ಬಾಲ್ ಹಾಕಬೇಕು. ಬ್ಯಾಟು ಮಾತ್ರ ಕೈಗೆ ಕೊಡ್ತಿರಲಿಲ್ಲ. ಆ ದುಡಿಮೆಯಲ್ಲೇ ಎಡಗೈ ಸ್ಪಿನ್ ಪಳಗಿತು. ಗೆಲ್ಲೋಕೆ ಬಾಲೂ ಬೇಕು ಅನ್ನಿಸಿದಾಗ ಪುಣೆಯ ಹಿಂದೂ ತಂಡ ಕರೆಯಿತು. ಮೈದಾನದಲ್ಲಿ ಅವರು ಹಾಕಿದ ಚೆಂಡನ್ನೇ ಹಿಡಿಯುತ್ತಿದ್ದವರು, ಚಹಾ ಹೊತ್ತಿಗೆ ಅವರನ್ನು ಪೆವಿಲಿಯನ್ ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು.

1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್! ಆದರೂ ನಾಯಕತ್ವ ಸಿಗಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲ್ ಹಿಂದೂ ತಂಡದ ನಾಯಕನಾಗುವ ಹೊತ್ತಿಗೆ ಬಾಲೂ ಆಟ ಮುಗಿದಿತ್ತು.

ಒಂದು ಕಾಲದಲ್ಲಿ ಅಂಬೇಡ್ಕರರಿಗೂ ಇವರೆಂದರೆ ಅಭಿಮಾನ. ಆಮೇಲೆ ದಾರಿ ಬೇರೆಯಾಯಿತು: ಹಿಂದೂ ಧರ್ಮ ಬಿಡ್ತೀನಿ ಅಂತ ಅಂಬೇಡ್ಕರ್ ಸಾರಿದ್ದು ಬಾಲೂಗೆ ಒಪ್ಪಿಗೆಯಾಗಲಿಲ್ಲ. 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಅವರನ್ನೇ ಅಂಬೇಡ್ಕರ್ ಎದುರು ನಿಲ್ಲಿಸಿತು. ಅವರನ್ನು ಬರೀ ದಾಳ ಅನ್ನೋಕೆ ನನಗೆ ಮನಸ್ಸಿಲ್ಲ, ಆದರೆ ಪಕ್ಷ ಅವರನ್ನು ಬಳಸಿಕೊಂಡದ್ದಂತೂ ನಿಜ. ಸುಮಾರು 2 ಸಾವಿರ ಓಟುಗಳಿಂದ ಸೋತರು. 1955ರಲ್ಲಿ ತೀರಿಕೊಂಡರು.