ಗೆಳೆಯನ ಕಪಾಟಿನ ಪುಸ್ತಕ

ಜಾನ್ ಹೆನ್ರಿ ನ್ಯೂಮನ್ (1801–1890) ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ, ವಿಶ್ವವಿದ್ಯಾಲಯ ಹೇಗಿರಬೇಕೆಂದು ಬರೆದ ಇಂಗ್ಲಿಷ್ ಗದ್ಯಕಾರ, ಅಷ್ಟೆ. ನನಗೆ ಆತ ಹತ್ತಿರವಾದದ್ದು ಒಂದು ಪ್ರಾರ್ಥನಾ ಪುಸ್ತಕದ ದೆಸೆಯಿಂದ.

1836ರ ಫೆಬ್ರವರಿಯಲ್ಲಿ ಅವನ ಜೀವದ ಗೆಳೆಯ ಹರೆಲ್ ಫ್ರೂಡ್ ಕ್ಷಯದಿಂದ ತೀರಿಕೊಂಡ. ವಯಸ್ಸು ಬರೇ 32. ನೆನಪಿಗೊಂದು ಪುಸ್ತಕ ಆರಿಸಿಕೊಳ್ಳಲು ಫ್ರೂಡನ ತಂದೆ ಹೇಳಿದರು. ನ್ಯೂಮನ್ ಕಣ್ಣಿಟ್ಟಿದ್ದ ಬಟ್ಲರನ ಗ್ರಂಥ ಆಗಲೇ ಬೇರೆಯವರ ಪಾಲಾಗಿತ್ತು. ಏನು ಮಾಡೋದೆಂದು ನಿಂತಿದ್ದಾಗ ಸ್ನೇಹಿತನೊಬ್ಬ ರೋಮನ್ ಬ್ರೀವಿಯರಿಯತ್ತ ಕೈ ತೋರಿಸಿದ. ಕ್ಯಾಥೊಲಿಕ್ ಪಾದ್ರಿಗಳು ಪ್ರತಿದಿನ ಹೊತ್ತುಹೊತ್ತಿಗೆ ಹೇಳಲೇಬೇಕಾದ ಕೀರ್ತನೆ, ಪಾಠ, ಸ್ತೋತ್ರಗಳ ಲ್ಯಾಟಿನ್ ಪುಸ್ತಕ ಅದು. ನ್ಯೂಮನ್ನನೋ ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಆಂಗ್ಲಿಕನ್ ಪಾದ್ರಿ! ಆದರೂ ದಿನಾ ಓದತೊಡಗಿದ. ಅದೇ ವರ್ಷ ಆ ಬಗ್ಗೆ 75ನೇ ಟ್ರ್ಯಾಕ್ಟ್ ಬರೆದ. ಅದರಲ್ಲಿರುವ ಒಳ್ಳೆಯದು ರೋಮಿನವರ ಸ್ವಂತ ಆಸ್ತಿಯಲ್ಲ, ತಮಗೂ ಪಾಲಿದೆ ಎಂದು ಅವನ ವಾದ. ಎದುರಾಳಿಯ ಆಯುಧ ಕಸಿಯಲು ಹೋದವನನ್ನು ಆಯುಧವೇ ಹಿಡಿದುಕೊಂಡಿತೋ ಏನೋ!

ಪುಸ್ತಕವೊಂದರಿಂದಲೇ ಮನಸ್ಸು ತಿರುಗಿತೆನ್ನಲಾರೆ. ಪ್ರಾಚೀನ ಚರ್ಚಿನ ಇತಿಹಾಸದ ಅಭ್ಯಾಸ ದೊಡ್ಡ ಕಾರಣ. 1845ರ ಅಕ್ಟೋಬರ್ 9ರಂದು ಲಿಟಲ್‌ಮೋರಿನಲ್ಲಿ ಆತ ಕ್ಯಾಥೊಲಿಕನಾದ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಂಗಿ ಹ್ಯಾರಿಯೆಟ್ ಮುಖ ತಿರುಗಿಸಿದಳು, ಹಳೆಯ ಸ್ನೇಹಿತರು ದೂರವಾದರು. 1846ರಲ್ಲಿ ಆಕ್ಸ್‌ಫರ್ಡನ್ನೂ ಬಿಟ್ಟ.

ಮುಂದೆ 1879ರಲ್ಲಿ ಕಾರ್ಡಿನಲ್ ಪದವಿ, 2019ರಲ್ಲಿ ಸಂತ ಪದವಿ ಬಂದವು, ನಿಜ. ನನಗೆ ಮುಖ್ಯವೆನಿಸುವುದು 1864ರ ಆತ್ಮಕಥೆಯಿಂದ ತಿಳಿಯುವ ಎರಡು ಸಂಗತಿ: ಫ್ರೂಡನ ಬ್ರೀವಿಯರಿ ಇನ್ನೂ ಅವನ ಮೇಜಿನ ಮೇಲೇ ಇತ್ತು, ಆಕ್ಸ್‌ಫರ್ಡ್ ಮಾತ್ರ ಅವನಿಗೆ ಕಾಣುತ್ತಿದ್ದದ್ದು ರೈಲಿನಿಂದ, ಗೋಪುರಗಳ ತುದಿಯಷ್ಟೇ. ಮತ್ತೆ ಅಲ್ಲಿ ಕಾಲಿಟ್ಟದ್ದು 1878ರಲ್ಲಿ.